ಗುಂಡಿಗೆ ಬಲಿಯಾದ ಮಕ್ಕಳು, ಅವರನ್ನು ಮರೆಯಲೊಪ್ಪದ ಮನೆಗಳು

[ಪರದೆಯ ಮೇಲೆ ಬರಹ: ಶಿಕಾಗೊ, 29 ಜನವರಿ 2013]

ನಮಸ್ಕಾರ. ಶಿಕಾಗೊ ನಗರದ ದಕ್ಷಿಣ ಭಾಗದಲ್ಲಿ ಕಿಂಗ್ ಕಾಲೇಜ್ ಪ್ರೆಪ್ ಎಂಬ ಹೈಸ್ಕೂಲ್ ಇದೆ. ಆ ದಿನ ಅಲ್ಲಿ ಪರೀಕ್ಷೆ ಮುಗಿದಿತ್ತು. ಮಧ್ಯಾಹ್ನ ಒಂದಷ್ಟು ಗೆಳೆಯ ಗೆಳತಿಯರು ಸಮೀಪದ ಹಾರ್ಶ್ ಪಾರ್ಕಿಗೆ ಹೋದರು. ಮಳೆ ಬಂತು. ಎಲ್ಲರೂ ಅಲ್ಲಿದ್ದ ಚಾವಣಿಯಡಿ ಸೇರಿಕೊಂಡರು. ಪಿಸ್ತೂಲು ಹಿಡಿದ ಯುವಕನೊಬ್ಬ ಆ ಗುಂಪಿನತ್ತ ಗುಂಡು ಹಾರಿಸಿದ. ಅವರನ್ನು ಎದುರಾಳಿ ಗ್ಯಾಂಗಿನವರೆಂದು ತಪ್ಪು ತಿಳಿದು ಹೀಗೆ ಮಾಡಿದ ಎಂದು ಪೊಲೀಸರು ಆಮೇಲೆ ಹೇಳಿದರು. ಇಬ್ಬರಿಗೆ ಗಾಯವಾಯಿತು. 15 ವರ್ಷದ ಹದಿಯಾ ಪೆಂಡಲ್‌ಟನ್ ಬೆನ್ನಿಗೆ ಗುಂಡು ತಗುಲಿ ಸತ್ತಳು.

ಅದಕ್ಕೆ ಒಂದು ವಾರದ ಹಿಂದಷ್ಟೇ ಆಕೆ ವಾಷಿಂಗ್ಟನ್‌ಗೆ ಹೋಗಿದ್ದಳು. ಬರಾಕ್ ಒಬಾಮ ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ಸಂದರ್ಭದ ಕಾರ್ಯಕ್ರಮದಲ್ಲಿ, ಬ್ಯಾಂಡಿನ ಮುಂದೆ ನರ್ತಿಸುತ್ತಾ ಸಾಗುವ ತನ್ನ ಶಾಲೆಯ ತಂಡದ ಜೊತೆ ಹೆಜ್ಜೆ ಹಾಕಿದ್ದಳು. ಆಕೆ ಸತ್ತ ಆ ಉದ್ಯಾನಕ್ಕೂ ಒಬಾಮ ಅವರ ಶಿಕಾಗೊ ಮನೆಗೂ ಸುಮಾರು ಒಂದು ಮೈಲಿ ದೂರ. ಅಂತ್ಯಕ್ರಿಯೆಗೆ ಮಿಶೆಲ್ ಒಬಾಮ ಬಂದರು. ಫೆಬ್ರುವರಿ 12ರಂದು ಅಧ್ಯಕ್ಷರು ಸಂಸತ್ತಿನಲ್ಲಿ ವಾರ್ಷಿಕ ಭಾಷಣ ಮಾಡುವಾಗ ಹದಿಯಾಳ ತಂದೆ ತಾಯಿ ಗ್ಯಾಲರಿಯಲ್ಲಿ ಕುಳಿತಿದ್ದರು.

ಇಷ್ಟು ದೊಡ್ಡವರು ಬಂದುಹೋದ ಮೇಲೂ ಹದಿಯಾಳ ಹೆಸರನ್ನು ಉಳಿಸಿದವರು ಆಕೆಯ ಸಹಪಾಠಿಗಳು. ಅವರು ಒಂದು ಬಣ್ಣವನ್ನು ಆರಿಸಿಕೊಂಡರು: ಕಿತ್ತಳೆ. ಅಮೆರಿಕದ ಕಾಡುಗಳಲ್ಲಿ ಬೇಟೆಗೆ ಹೋಗುವವರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ. ಇಲ್ಲಿ ಮನುಷ್ಯ ಇದ್ದಾನೆ, ಈ ಕಡೆ ಗುಂಡು ಹಾರಿಸಬೇಡ ಎಂದು ಇನ್ನೊಬ್ಬ ಬೇಟೆಗಾರನಿಗೆ ತಿಳಿಯಲಿ ಎಂದು. ಊರಿನ ನಡುವೆ, ಶಾಲೆಯ ಪಕ್ಕದಲ್ಲಿ ಓಡಾಡುವ ಹದಿನೈದು ಹದಿನಾರರ ಮಕ್ಕಳಿಗೆ ತಮಗೂ ಅದೇ ಅಂಗಿ ಬೇಕು ಅನ್ನಿಸಿತಲ್ಲ, ಅದನ್ನು ಯೋಚಿಸಿದಾಗಲೆಲ್ಲ ನನಗೆ ಮಾತು ಕಟ್ಟುತ್ತದೆ.

2015ರ ಜೂನ್ 2ರಂದು ಹದಿಯಾಳಿಗೆ 18 ತುಂಬಬೇಕಿತ್ತು. ಆ ದಿನ ಮೊದಲ ಬಾರಿಗೆ ದೇಶದಾದ್ಯಂತ ಜನ ಕಿತ್ತಳೆ ಬಣ್ಣ ತೊಟ್ಟರು. ಈಗ ಪ್ರತಿ ವರ್ಷ ಜೂನ್ ತಿಂಗಳ ಮೊದಲ ಶುಕ್ರವಾರ ಮತ್ತು ಅದರ ಬೆನ್ನಿಗೇ ಬರುವ ಶನಿವಾರ, ಭಾನುವಾರಗಳನ್ನು ಬಂದೂಕಿಗೆ ಬಲಿಯಾದವರಿಗಾಗಿ ಮೀಸಲಿಡುತ್ತಾರೆ.

[ನಕ್ಷೆ: ಅಮೆರಿಕ ಸಂಯುಕ್ತ ಸಂಸ್ಥಾನ]

ಈಗ ಅಂಕಿ ಅಂಶ. 2020ರಿಂದ ಅಮೆರಿಕದಲ್ಲಿ 1ರಿಂದ 19 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ಬಂದೂಕು. ಅದಕ್ಕೂ ಮುಂಚೆ ದಶಕಗಳ ಕಾಲ ಆ ಸ್ಥಾನದಲ್ಲಿದ್ದದ್ದು ರಸ್ತೆ ಅಪಘಾತ. ಸೀಟ್ ಬೆಲ್ಟ್, ಏರ್‌ಬ್ಯಾಗ್, ಮಕ್ಕಳ ಸೀಟು, ಕುಡಿದು ಓಡಿಸುವವರ ಮೇಲಿನ ಕಟ್ಟುನಿಟ್ಟು, ಇವೆಲ್ಲ ಸೇರಿ ರಸ್ತೆಯ ಸಾವು ಇಳಿಯಿತು, ಬಂದೂಕಿನ ಸಾವು ಏರಿತು. 2020ರ ಒಂದೇ ವರ್ಷದಲ್ಲಿ ಈ ವಯಸ್ಸಿನ 4,300ಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು.

ನಮ್ಮ ಸುದ್ದಿವಾಹಿನಿಗಳಿಗೆ ಅಮೆರಿಕದ ಗುಂಡಿನ ಸುದ್ದಿ ಬರುವುದು ಶಾಲೆಯಲ್ಲಿ ಸಾಮೂಹಿಕ ಹತ್ಯೆ ನಡೆದಾಗ. ಸ್ಯಾಂಡಿ ಹುಕ್, ಪಾರ್ಕ್‌ಲ್ಯಾಂಡ್, ಯುವಾಲ್ಡೆ. ಈ ಹೆಸರುಗಳು ನಮಗೂ ಗೊತ್ತು. ಒಟ್ಟು ಸಾವಿನಲ್ಲಿ ಇವು ತೀರಾ ಸಣ್ಣ ಪಾಲು. ಉಳಿದ ಮಕ್ಕಳು ಬಸ್ಸಿನಲ್ಲಿ, ಮನೆಯ ಮುಂದಿನ ಮೆಟ್ಟಿಲ ಮೇಲೆ, ಸ್ನೇಹಿತನ ಕೋಣೆಯಲ್ಲಿ, ತಮ್ಮದೇ ಮಲಗುವ ಮನೆಯಲ್ಲಿ ಒಬ್ಬೊಬ್ಬರಾಗಿ ಸಾಯುತ್ತಾರೆ. ಅವರ ಸಾವು ಸ್ಥಳೀಯ ಸುದ್ದಿಯಲ್ಲಿ ಒಂದು ನಿಮಿಷ ಬಂದು ಹೋಗುತ್ತದೆ. ಸಾವಿನಲ್ಲಿ ಇರುವ ಈ ಮೇಲು ಕೀಳನ್ನು ತಂದೆ ತಾಯಿಯರೇ ಹೇಗೆ ಅಳಿಸಲು ಹೊರಟರು ಎನ್ನುವುದನ್ನು ಹೇಳಲೆಂದೇ ಈ ವಿಡಿಯೋ ಮಾಡಿದ್ದೇವೆ.

[ದೃಶ್ಯ: ಶಿಕಾಗೊ ನಗರ ಸಾರಿಗೆ ಬಸ್ಸು]

2007ರ ಮೇ 10. 16 ವರ್ಷದ ಬ್ಲೇರ್ ಹೋಲ್ಟ್ ಶಾಲೆ ಬಿಟ್ಟ ಮೇಲೆ ಶಿಕಾಗೊದ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದ. ಬಸ್ ಹತ್ತಿದ ಒಬ್ಬ ಹುಡುಗ ಬೇರೆ ಯಾರನ್ನೋ ಗುರಿಯಿಟ್ಟು ಗುಂಡು ಹಾರಿಸತೊಡಗಿದ. ಬ್ಲೇರ್ ಪಕ್ಕದಲ್ಲಿದ್ದ ಗೆಳತಿಗೆ ಅಡ್ಡ ನಿಂತ. ಗೆಳತಿ ಬದುಕಿದಳು, ಅವನು ಬದುಕಲಿಲ್ಲ. ಅವನ ತಂದೆ ಪೊಲೀಸ್ ಇಲಾಖೆಯವರು. ತಾಯಿ ಆನೆಟ್ ನ್ಯಾನ್ಸ್ ಹೋಲ್ಟ್ ಅಗ್ನಿಶಾಮಕ ದಳದವರು; 2021ರಲ್ಲಿ ಅವರೇ ಶಿಕಾಗೊ ಅಗ್ನಿಶಾಮಕ ಇಲಾಖೆಯ ಮುಖ್ಯಸ್ಥೆಯಾದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ. ಊರಿನವರ ಮಕ್ಕಳನ್ನು ಬೆಂಕಿಯಿಂದ ಎತ್ತಿ ತರುವ ಕೆಲಸದಲ್ಲಿದ್ದ ತಾಯಿಗೆ ಒಬ್ಬನೇ ಮಗ ಬಸ್ಸಿನಿಂದ ಮನೆಗೆ ಬರಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2006ರ ಏಪ್ರಿಲ್ 4ರಂದು, 18 ವರ್ಷದ ಟೆರೆಲ್ ಬಾಸ್ಲಿ ಚರ್ಚಿನ ವಾಹನ ನಿಲುಗಡೆಯಲ್ಲಿ ಗುಂಡಿಗೆ ಬಲಿಯಾಗಿದ್ದ. ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗ. ಸಂಗೀತದ ತಾಲೀಮಿಗೆಂದು ಬಂದವನು ಸ್ನೇಹಿತನ ಡ್ರಮ್ ಇಳಿಸಲು ಕೈಜೋಡಿಸಿದ್ದ. ಅವನ ತಾಯಿ ಪ್ಯಾಮ್ ಬಾಸ್ಲಿ, ಬ್ಲೇರ್‌ನ ತಾಯಿ ಮತ್ತು ಇನ್ನೂ ಕೆಲವು ತಂದೆ ತಾಯಿಯರು ಸೇರಿ 2007ರಲ್ಲಿ ‘ಪರ್ಪಸ್ ಓವರ್ ಪೇನ್’ ಎಂಬ ಸಂಘಟನೆ ಕಟ್ಟಿದರು. ಮಗುವನ್ನು ಕಳೆದುಕೊಂಡ ಇನ್ನೊಂದು ಮನೆಗೆ ಮೊದಲು ಹೋಗಿ ನಿಲ್ಲುವವರು ಇವರು. ಇಂಥ ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಒಂದು ಮಾತಿದೆ: ಈ ಸಂಘಕ್ಕೆ ಸೇರಲು ಯಾರೂ ಬಯಸುವುದಿಲ್ಲ, ಸೇರಿದ ಮೇಲೆ ಯಾರೂ ಬಿಡುವುದಿಲ್ಲ.

ಇವರ ಮೊದಲ ಹೋರಾಟ ಬಹಳ ವಿಚಿತ್ರವಾದದ್ದು, ನೋವಿನದು. ಕಪ್ಪು ವರ್ಣದ ಹುಡುಗನೊಬ್ಬ ಗುಂಡಿಗೆ ಬಲಿಯಾದನೆಂದರೆ ಕೇಳುವ ಮೊದಲ ಪ್ರಶ್ನೆ, “ಅವನು ಗ್ಯಾಂಗಿನಲ್ಲಿದ್ದನೇ?” ಮಗನ ಹೆಣ ಶವಾಗಾರದಲ್ಲಿ ಇರುವಾಗಲೇ ತಾಯಿ ಕ್ಯಾಮೆರಾ ಮುಂದೆ ನಿಂತು ಅವನ ಅಂಕಪಟ್ಟಿ, ಚರ್ಚಿನ ಹಾಡು, ಒಳ್ಳೆಯ ನಡತೆಯನ್ನು ಒಪ್ಪಿಸಬೇಕು. ಹದಿಯಾ ಮತ್ತು ಬ್ಲೇರ್ ಇಬ್ಬರ ಬಗೆಗೂ ಪತ್ರಿಕೆಗಳು ‘ಪ್ರತಿಭಾವಂತ ವಿದ್ಯಾರ್ಥಿ’ ಎಂದು ಮತ್ತೆ ಮತ್ತೆ ಬರೆದವು. ನಿಜವೇ, ಇಬ್ಬರೂ ಚೆನ್ನಾಗಿ ಓದುತ್ತಿದ್ದರು. ಹಾಗಾದರೆ ಪರೀಕ್ಷೆಯಲ್ಲಿ ಫೇಲಾದ ಮಗು ಸತ್ತರೆ? ಒಮ್ಮೆ ದಾರಿ ತಪ್ಪಿ ಜೈಲಿಗೆ ಹೋಗಿ ಬಂದ ಹುಡುಗ ಸತ್ತರೆ? ಅವನ ತಾಯಿಯೂ ಅವನನ್ನು ಒಂಬತ್ತು ತಿಂಗಳು ಹೊತ್ತವಳೇ. ಅವಳು ಅಳಲು ಯಾರ ಅಪ್ಪಣೆ ಪಡೆಯಬೇಕು?

[ದೃಶ್ಯ: ಚರ್ಚಿನ ಹೊರಗಿನ ಭಾವಚಿತ್ರಗಳ ಫಲಕ]

ಶಿಕಾಗೊದ ಆಬರ್ನ್ ಗ್ರೆಶಮ್ ಪ್ರದೇಶದಲ್ಲಿ ಸೇಂಟ್ ಸಬೀನಾ ಚರ್ಚ್ ಇದೆ. ಅದರ ಹೊರಗೆ ಗುಂಡಿಗೆ ಬಲಿಯಾದ ಎಳೆಯರ ಭಾವಚಿತ್ರಗಳನ್ನು ಸಾಲಾಗಿ ಇಟ್ಟಿದ್ದಾರೆ. ಯಾರು ಚೆನ್ನಾಗಿ ಓದುತ್ತಿದ್ದರು, ಯಾರು ಓದುತ್ತಿರಲಿಲ್ಲ ಎಂಬ ವಿಂಗಡಣೆ ಅಲ್ಲಿಲ್ಲ. ಹೊಸ ಚಿತ್ರ ಬಂದರೆ ಇರುವ ಚಿತ್ರಗಳ ಪಕ್ಕದಲ್ಲೇ ಜಾಗ.

ಬೀದಿಯ ಮಟ್ಟದಲ್ಲಿ ನೆನೆಯುವ ರೀತಿಗಳೂ ಇವೆ. ಮಗು ಬಿದ್ದ ಜಾಗದಲ್ಲೇ ಕಂಬಕ್ಕೆ ಗೊಂಬೆ, ಬಲೂನು ಕಟ್ಟಿ ಮೇಣದ ಬತ್ತಿ ಹಚ್ಚುತ್ತಾರೆ. ಭಾವಚಿತ್ರ, ಹುಟ್ಟಿದ ದಿನ, ಸತ್ತ ದಿನ ಅಚ್ಚು ಹಾಕಿಸಿದ ಟೀ ಶರ್ಟನ್ನು ಇಡೀ ಕುಟುಂಬ, ಶಾಲೆಯ ಗೆಳೆಯರು, ನೆರೆಹೊರೆಯವರು ತೊಡುತ್ತಾರೆ. ನಮ್ಮ ದಿನಪತ್ರಿಕೆಗಳ ಒಳಪುಟಗಳಲ್ಲಿ ‘ಮೂರನೆಯ ವರ್ಷದ ಪುಣ್ಯಸ್ಮರಣೆ’ ಎಂದು ಫೋಟೊ ಹಾಕಿಸಿ, ಕೆಳಗೆ ಮನೆಮಂದಿಯ ಹೆಸರು ಬರೆಸುತ್ತೇವಲ್ಲ, ಅದೇ ಹಂಬಲವನ್ನು ಅವರು ಎದೆಯ ಮೇಲೆ ಹೊತ್ತು ತಿರುಗುತ್ತಾರೆ. ವರ್ಷಕ್ಕೆ ಎರಡು ದಿನ ಅವರಿಗೆ ತಪ್ಪದೆ ಬರುತ್ತವೆ. ಒಂದು ಮಗು ಹುಟ್ಟಿದ ದಿನ, ಇನ್ನೊಂದು ಸತ್ತ ದಿನ. ಹುಟ್ಟಿದ ದಿನವೇ ಹೆಚ್ಚು ಕಷ್ಟ ಎನ್ನುವ ತಾಯಂದಿರು ಬಹಳ ಮಂದಿ.

ಈ ತಾಯಂದಿರ ಕೈ ಸೇರಿ ಆದ ಒಂದು ಸ್ಮಾರಕವನ್ನು ನಿಮಗೆ ಸ್ವಲ್ಪ ನಿಧಾನವಾಗಿ ತೋರಿಸಬೇಕು.

[ದೃಶ್ಯ: ಗಾಜಿನ ಇಟ್ಟಿಗೆಗಳ ಮನೆ]

‘ಗನ್ ವಯಲೆನ್ಸ್ ಮೆಮೋರಿಯಲ್ ಪ್ರಾಜೆಕ್ಟ್’ ಎಂದು ಇದರ ಹೆಸರು. ಮ್ಯಾಸ್ ಡಿಸೈನ್ ಗ್ರೂಪ್ ಎಂಬ ವಾಸ್ತುಶಿಲ್ಪ ಸಂಸ್ಥೆ, ಕಲಾವಿದ ಹ್ಯಾಂಕ್ ವಿಲ್ಲಿಸ್ ಥಾಮಸ್ ಮತ್ತು ಪರ್ಪಸ್ ಓವರ್ ಪೇನ್ ಸಂಘಟನೆಯ ತಾಯಂದಿರು ಸೇರಿ ಮಾಡಿದ್ದು. ಮೊದಲು ಕಾಣಿಸಿಕೊಂಡದ್ದು 2019ರಲ್ಲಿ ಶಿಕಾಗೊದಲ್ಲಿ. 2021ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಮ್ಮಿಗೆ ಬಂತು, 2024ರಲ್ಲಿ ಬಾಸ್ಟನ್ನಿಗೆ ಹೋಯಿತು.

ನಾಲ್ಕು ಪುಟ್ಟ ಮನೆಗಳು. ಮಕ್ಕಳು ಚಿತ್ರ ಬರೆಯುವಾಗ ಬರೆಯುವ ಮನೆಯ ಆಕಾರ: ನಾಲ್ಕು ಗೋಡೆ, ಇಳಿಜಾರು ಚಾವಣಿ. ಒಂದೊಂದು ಮನೆಗೆ 700 ಗಾಜಿನ ಇಟ್ಟಿಗೆ. ಸ್ಮಾರಕ ರೂಪಿಸಿದ ಹೊತ್ತಿನಲ್ಲಿ ಅಮೆರಿಕದಲ್ಲಿ ಒಂದು ವಾರಕ್ಕೆ ಸರಾಸರಿ 700 ಮಂದಿ ಬಂದೂಕಿಗೆ ಬಲಿಯಾಗುತ್ತಿದ್ದರು. ಒಂದು ಮನೆ ಎಂದರೆ ಒಂದು ವಾರ. ಮೊದಲ ಸೋಮವಾರದಿಂದ ಭಾನುವಾರದವರೆಗೆ ಲೆಕ್ಕ ಹಾಕಿದರೆ ಗೋಡೆ ಮೇಲೆದ್ದು ಚಾವಣಿ ಮುಚ್ಚಿಬಿಡುತ್ತದೆ.

ಇಟ್ಟಿಗೆಗಳ ಒಳಗೆ ಟೊಳ್ಳು. ಕುಟುಂಬದವರು ಸತ್ತವರ ಒಂದು ವಸ್ತುವನ್ನು ತಂದುಕೊಡುತ್ತಾರೆ, ಅದನ್ನು ಒಂದು ಇಟ್ಟಿಗೆಯೊಳಗೆ ಇಡುತ್ತಾರೆ. ಎಳೆಗೂಸಿನ ಬೂಟು. ಪದವಿ ಸಮಾರಂಭದ ಟೋಪಿಯಿಂದ ಇಳಿಬೀಳುವ ಕುಚ್ಚು. ಫೋಟೊ. ಕೆಳಗೆ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಹೇಗೆ ಸತ್ತರು, ಯಾರು ಕೊಂದರು, ತಪ್ಪು ಯಾರದು ಎಂಬ ಒಂದಕ್ಷರವೂ ಇಲ್ಲ. ಶಾಲೆಯಲ್ಲಿ ಸತ್ತ ಮಗು, ಬೀದಿಯಲ್ಲಿ ಸತ್ತ ಮಗು, ತನ್ನ ಮೇಲೆ ತಾನೇ ಗುಂಡು ಹಾರಿಸಿಕೊಂಡ ಮಗು, ಎಲ್ಲರಿಗೂ ಒಂದೇ ಅಳತೆಯ ಇಟ್ಟಿಗೆ.

ಕೊನೆಯದನ್ನು ಬಿಡಿಸಿ ಹೇಳಲೇಬೇಕು. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಒಟ್ಟು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಈ ಕುಟುಂಬಗಳು ಸ್ಮರಣೆಯ ಸಭೆಗೆ ಬರಲು ಹಿಂಜರಿಯುತ್ತವೆ. ಕೊಲೆಯಾದವರ ತಾಯಿಗೆ ಸಿಗುವ ಅನುಕಂಪ ತಮಗೆ ಸಿಗುವುದಿಲ್ಲವೆಂದು ಅವರಿಗೆ ಗೊತ್ತು. ಕ್ಷಣದ ಹತಾಶೆಯಲ್ಲಿ ಕೈಗೆ ಬಂದೂಕು ಸಿಕ್ಕಿದರೆ ಮರುಯೋಚನೆಗೆ ಅವಕಾಶವೇ ಇರುವುದಿಲ್ಲ. ಬೇರೆ ಬಹುತೇಕ ದಾರಿಗಳಲ್ಲಿ ಬದುಕಿ ಉಳಿಯುವವರೇ ಹೆಚ್ಚು. ನೋಡುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ಭಾರತದಲ್ಲಿ 14416 ಟೆಲಿ ಮಾನಸ್, ಅಮೆರಿಕದಲ್ಲಿ 988. ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

[ದೃಶ್ಯ: ಹಸಿರು ಬಣ್ಣದ ಕ್ಯಾನ್ವಾಸ್ ಬೂಟು]

2022ರ ಮೇ 24ರಂದು ಟೆಕ್ಸಾಸ್ ರಾಜ್ಯದ ಯುವಾಲ್ಡೆ ಎಂಬ ಸಣ್ಣ ಊರಿನ ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಹತರಾದರು. ಪೊಲೀಸರು ಆ ತರಗತಿಯ ಒಳಗೆ ನುಗ್ಗಲು 77 ನಿಮಿಷ ತೆಗೆದುಕೊಂಡರು. ಕೆಲವು ಮಕ್ಕಳ ಮುಖ ಗುರುತು ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ. 10 ವರ್ಷದ ಒಬ್ಬ ಬಾಲಕಿಯನ್ನು ಗುರುತಿಸಲು ನೆರವಾದದ್ದು ಅವಳ ಹಸಿರು ಕಾನ್ವರ್ಸ್ ಬೂಟು. ಬಲಗಾಲಿನ ಬೂಟಿನ ತುದಿಯಲ್ಲಿ ಅವಳೇ ಒಂದು ಹೃದಯದ ಚಿತ್ರ ಬರೆದುಕೊಂಡಿದ್ದಳು. ಅದೇ ಊರಿನಲ್ಲಿ ಹುಟ್ಟಿದ ನಟ ಮ್ಯಾಥ್ಯೂ ಮೆಕಾನಹೇ ಜೂನ್ 7ರಂದು ಶ್ವೇತಭವನದ ಪತ್ರಿಕಾಗೋಷ್ಠಿಯಲ್ಲಿ ಆ ಬೂಟಿನ ಕಥೆ ಹೇಳಿದರು. ಮುಂದೆ ಕಡಲ ಜೀವಿಗಳನ್ನು ಅಧ್ಯಯನ ಮಾಡಬೇಕೆಂದು ಆಸೆಪಟ್ಟಿದ್ದ ಹುಡುಗಿ ಅವಳು. ಅದೇ ತಿಂಗಳ 25ರಂದು, ಸುಮಾರು ಮೂರು ದಶಕಗಳಲ್ಲಿ ಮೊದಲ ಬಾರಿಗೆ, ಬಂದೂಕಿನ ಬಗೆಗೆ ಒಂದು ಗಣನೀಯ ಕೇಂದ್ರ ಕಾಯ್ದೆಗೆ ಸಹಿ ಬಿತ್ತು.

ಸ್ಮರಣೆ ಎಂದರೆ ಕಣ್ಣೀರು ಎಂದು ತಿಳಿದವರಿಗೆ ಈ ಬೂಟನ್ನು ನೋಡಿ ಎನ್ನುತ್ತೇನೆ. ಕಾನೂನು ಆಗಲು ಕಾರಣಗಳು ಹಲವು ಇದ್ದವು, ಒಪ್ಪುತ್ತೇನೆ. ಆದರೆ ಸಂಖ್ಯೆಗೆ ಬಗ್ಗದ ಜನಪ್ರತಿನಿಧಿಗಳ ಎದುರು ಒಂದು ಮಗುವಿನ ಗೀಚಿದ ಚಿತ್ರವನ್ನು ಇಡಬೇಕಾಗುತ್ತದೆ, ಮತ್ತು ಅದನ್ನು ಲೋಕಕ್ಕೆ ತೋರಿಸಲು ಅವಳ ತಾಯಿ ತಂದೆ ಎದೆ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ.

ಎಲ್ಲರೂ ಹೀಗೆ ಲೋಕದ ಮುಂದೆ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಅನೇಕ ಮನೆಗಳಲ್ಲಿ ಮಗುವಿನ ಕೋಣೆ ಇದ್ದ ಹಾಗೆಯೇ ಉಳಿದಿದೆ. ಸಿಬಿಎಸ್ ವಾಹಿನಿಯ ಪತ್ರಕರ್ತ ಸ್ಟೀವ್ ಹಾರ್ಟ್‌ಮನ್ ಮತ್ತು ಛಾಯಾಗ್ರಾಹಕ ಲೂ ಬಾಪ್ ಶಾಲೆಗಳಲ್ಲಿ ಹತರಾದ ಮಕ್ಕಳ ಇಂಥ ಕೋಣೆಗಳಿಗೆ ಪೋಷಕರ ಒಪ್ಪಿಗೆ ಪಡೆದು ಹೋಗಿ ಚಿತ್ರ ತೆಗೆದಿದ್ದಾರೆ. ಮುಚ್ಚಳ ಹಾಕದೆ ಬಿಟ್ಟ ಟೂತ್‌ಪೇಸ್ಟ್, ಒಗೆಯದೆ ಉಳಿದ ಬಟ್ಟೆ. ಒಗೆದರೆ ಮಗುವಿನ ಮೈವಾಸನೆ ಹೋಗಿಬಿಡುತ್ತದಲ್ಲ.

[ಪರದೆಯ ಮೇಲೆ ಬರಹ: 3,044 ಖಾಲಿ ಕುರ್ಚಿಗಳು]

ಇದಕ್ಕೆ ತೀರಾ ವಿರುದ್ಧವಾದ ದಾರಿ ಹಿಡಿದವರು ಮ್ಯಾನ್ಯುಯಲ್ ಒಲಿವರ್ ಮತ್ತು ಅವರ ಪತ್ನಿ. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡಿನ ಹೈಸ್ಕೂಲಿನಲ್ಲಿ 17 ಮಂದಿ ಹತರಾದಾಗ ಅವರ 17 ವರ್ಷದ ಮಗ ವಾಕೀನ್ ಕೂಡ ಸತ್ತ. ತಂದೆ ಕಲಾವಿದ. ಮಗನ ಚಿತ್ರವನ್ನು ದೊಡ್ಡ ಗೋಡೆಗಳ ಮೇಲೆ ಬರೆಯುತ್ತಾ ಊರೂರು ಸುತ್ತುತ್ತಾರೆ. 2021ರಲ್ಲಿ ಅವರ ಸಂಘಟನೆ ಲಾಸ್ ವೇಗಸ್ಸಿನಲ್ಲಿ ಒಂದು ಪದವಿ ಸಮಾರಂಭದ ‘ತಾಲೀಮು’ ಏರ್ಪಡಿಸಿತು. ಬಂದೂಕು ಮಾಲೀಕರ ಪ್ರಬಲ ಸಂಘಟನೆ ಎನ್‌ಆರ್‌ಎ ಇದೆಯಲ್ಲ, ಅದರ ಮಾಜಿ ಅಧ್ಯಕ್ಷ ಡೇವಿಡ್ ಕೀನ್ ಅತಿಥಿ. ಅವರ ಮುಂದೆ 3,044 ಖಾಲಿ ಕುರ್ಚಿಗಳು. ಆ ವರ್ಷ ಹೈಸ್ಕೂಲ್ ಮುಗಿಸಬೇಕಿದ್ದು, ಅದಕ್ಕೂ ಮೊದಲೇ ಗುಂಡಿಗೆ ಬಲಿಯಾದ ಮಕ್ಕಳ ಸಂಖ್ಯೆ ಅದು. ಕೀನ್ ಅವರಿಗೆ ಆ ವಿಷಯ ಗೊತ್ತಿರಲಿಲ್ಲ. ನಿಜವಾದ ಶಾಲೆಯ ತಾಲೀಮೆಂದೇ ತಿಳಿದು, ಎದುರಿಗೆ ಯಾರೂ ಇಲ್ಲದ ಕುರ್ಚಿಗಳಿಗೆ ಭವಿಷ್ಯದ ಮಾತು ಹೇಳಿದರು. ಮೋಸದಿಂದ ಕರೆಸಿದರು ಎಂದು ಟೀಕೆ ಬಂತು. ಮಗನನ್ನು ಹೂಳಿದ ತಂದೆಯ ಜಾಗದಲ್ಲಿ ನಿಂತರೆ ನಾನು ಆ ಟೀಕೆ ಮಾಡಲಾರೆ.

ಆದರೆ 2024ರಲ್ಲಿ ಇವರೂ ಇತರ ಕೆಲವು ಕುಟುಂಬಗಳೂ ಮಾಡಿದ ಇನ್ನೊಂದು ಪ್ರಯತ್ನದ ಮುಂದೆ ನನಗೆ ತಳಮಳವಾಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಸತ್ತ ಮಕ್ಕಳ ಧ್ವನಿಯನ್ನು ಮರುಸೃಷ್ಟಿಸಿ, ಆ ಧ್ವನಿಯಲ್ಲೇ ಸಂಸದರಿಗೆ ಫೋನ್ ಕರೆ ಹೋಗುವಂತೆ ಮಾಡಿದರು. ಪೋಷಕರ ಒಪ್ಪಿಗೆ ಇತ್ತು, ಉದ್ದೇಶವೂ ಗೊತ್ತು. ಆದರೂ ಮಗು ಎಂದೂ ಆಡದ ಮಾತನ್ನು ಮಗುವಿನ ಧ್ವನಿಯಲ್ಲಿ ಕೇಳಿಸಿಕೊಳ್ಳುವುದು... ಹಾಗೆ ಮಾಡುವವರೆಗೂ ಆ ತಂದೆ ತಾಯಿಯರನ್ನು ತಳ್ಳಿದ ಕಿವುಡುತನದ ಬಗೆಗೆ ನನಗೆ ಸಿಟ್ಟಿದೆ.

[ದೃಶ್ಯ: ನೀರಿನ ನಡುವೆ ಸಿಕಮೋರ್ ಮರ]

ನೆನೆಯುವುದಕ್ಕೂ ಅಡ್ಡಿ ಬರುವವರಿದ್ದಾರೆ ಎಂದರೆ ನಂಬುತ್ತೀರಾ? 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳು ಮತ್ತು ಆರು ಮಂದಿ ಸಿಬ್ಬಂದಿ ಹತರಾದರು. ಅಲೆಕ್ಸ್ ಜೋನ್ಸ್ ಎಂಬ ಪ್ರಸಾರಕ ಅದೆಲ್ಲ ನಾಟಕ, ಮಕ್ಕಳು ಸತ್ತೇ ಇಲ್ಲ ಎಂದು ವರ್ಷಗಟ್ಟಲೆ ಪ್ರಚಾರ ಮಾಡಿದ. ಅದನ್ನು ನಂಬಿದವರು ಪೋಷಕರನ್ನು ಬೆದರಿಸಿದರು. ಒಬ್ಬ ತಂದೆ ಪದೇ ಪದೇ ಮನೆ ಬದಲಿಸಬೇಕಾಯಿತು. ತನ್ನ ಮಗ ಬದುಕಿದ್ದ, ಸತ್ತ ಎಂಬುದನ್ನೇ ತಂದೆ ರುಜುವಾತು ಮಾಡಬೇಕಾದ ಸ್ಥಿತಿ. 2022ರಲ್ಲಿ ನ್ಯಾಯಾಲಯಗಳು ಜೋನ್ಸ್ ಕೊಡಬೇಕೆಂದು ವಿಧಿಸಿದ ಪರಿಹಾರ ಒಟ್ಟು 140 ಕೋಟಿ ಡಾಲರಿಗೂ ಹೆಚ್ಚು.

ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ಶಾಶ್ವತ ಸ್ಮಾರಕ ತೆರೆಯಿತು. ವೃತ್ತಾಕಾರದ ಕೊಳ, ನಡುವೆ ಒಂದು ಎಳೆಯ ಸಿಕಮೋರ್ ಮರ, ಅಂಚಿನ ಕಲ್ಲಿನಲ್ಲಿ 26 ಹೆಸರು. ಹೂವನ್ನೋ ದೀಪವನ್ನೋ ತೇಲಿಬಿಟ್ಟರೆ ನೀರು ಅದನ್ನು ಮರದ ಕಡೆಗೆ ಒಯ್ಯುತ್ತದೆ. ಕೊಂದವನ ಹೆಸರು ಅಲ್ಲಿಲ್ಲ. ಈ ವಿಡಿಯೋದಲ್ಲೂ ಯಾವ ಹಂತಕನ ಹೆಸರನ್ನೂ ಹೇಳಿಲ್ಲ, ಗಮನಿಸಿರಬಹುದು. 2012ರ ಜುಲೈನಲ್ಲಿ ಕೊಲರಾಡೊದ ಅರೋರಾ ಚಿತ್ರಮಂದಿರದಲ್ಲಿ ಮಗನನ್ನು ಕಳೆದುಕೊಂಡ ಟಾಮ್ ಮತ್ತು ಕ್ಯಾರೆನ್ ಟೀವ್ಸ್ ದಂಪತಿ ಮಾಧ್ಯಮಗಳ ಮುಂದಿಟ್ಟ ಬೇಡಿಕೆ ಅದು. ನಮಗೆ ಸರಿಯೆನಿಸಿತು, ಪಾಲಿಸಿದ್ದೇವೆ.

[ಪರದೆಯ ಮೇಲೆ ಬರಹ: ನಮ್ಮವರು]

ಇದು ನಮ್ಮಿಂದ ದೂರದ ಸಂಗತಿ ಎನ್ನುವ ಹಾಗಿಲ್ಲ. 2019ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಓದುತ್ತಿದ್ದ ಮೈಸೂರಿನ ಯುವಕನೊಬ್ಬ ಗುಂಡಿಗೆ ಬಲಿಯಾದ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಶಾಲೆಯಲ್ಲಿ ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಕವಾಯತನ್ನು ಕಲಿಯುತ್ತಾರೆ. ಊರಿನಲ್ಲಿರುವ ಅಜ್ಜಿ ತಾತಂದಿರಿಗೆ ಅವರು ಅದನ್ನು ಹೇಳುವುದು ಕಡಿಮೆ.

ಹಾಗಾಗಿ ಕೊನೆಯದಾಗಿ ಒಂದು ಕುಟುಂಬದ ವಿಷಯ, ಅಲ್ಲಿರುವ ನಮ್ಮ ತಾಯಿ ತಂದೆಯರಿಗಾಗಿ. ಕನೆಕ್ಟಿಕಟ್‌ನ ಗಿಲ್‌ಫರ್ಡ್ ಎಂಬ ಊರಿನ ಈಥನ್ ಸಾಂಗ್‌ಗೆ 15 ವರ್ಷ. 2018ರ ಜನವರಿ 31ರಂದು ಸ್ನೇಹಿತನ ಮನೆಗೆ ಹೋದ. ಅಲ್ಲಿ ಸ್ನೇಹಿತನ ತಂದೆಯ ಪಿಸ್ತೂಲುಗಳಿದ್ದವು. ಅವುಗಳಿಗೆ ಬೀಗವೇನೋ ಇತ್ತು, ಆದರೆ ಕೀಲಿಯನ್ನೂ ಗುಂಡುಗಳನ್ನೂ ಅದೇ ಡಬ್ಬಿಯಲ್ಲಿ ಇಟ್ಟಿದ್ದರು. ಗುಂಡು ಹಾರಿ ಈಥನ್ ಸತ್ತ. ಅವನ ತಂದೆ ತಾಯಿ ಮನೆಯಲ್ಲಿ ಕೂತು ಅಳಲಿಲ್ಲ. ಮಕ್ಕಳ ಕೈಗೆ ಸಿಗುವಂತೆ ಬಂದೂಕು ಇಡುವುದನ್ನು ಶಿಕ್ಷಾರ್ಹವಾಗಿಸುವ ಕಾನೂನಿಗಾಗಿ ಓಡಾಡಿದರು. 2019ರಲ್ಲಿ ಆ ರಾಜ್ಯ ಅದನ್ನು ಜಾರಿಗೆ ತಂದಿತು. ಜನ ಅದನ್ನು ಈಥನ್‌ನ ಕಾಯ್ದೆ ಎಂದೇ ಕರೆಯುತ್ತಾರೆ.

ಅಮೆರಿಕದಲ್ಲಿರುವ ಕನ್ನಡಿಗರೇ, ಮಗುವನ್ನು ಇನ್ನೊಬ್ಬರ ಮನೆಗೆ ಆಟಕ್ಕೋ ರಾತ್ರಿ ಉಳಿಯಲೋ ಕಳುಹಿಸುವ ಮುನ್ನ ಆ ಮನೆಯವರನ್ನು ಕೇಳಿ: ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ, ಗುಂಡು ತೆಗೆದು ಬೀಗ ಹಾಕಿ ಇಟ್ಟಿದ್ದೀರಾ, ಗುಂಡುಗಳು ಬೇರೆ ಕಡೆ ಬೀಗದಲ್ಲಿವೆಯೇ? ಕೇಳಲು ಮುಜುಗರವಾಗುತ್ತದೆ, ಗೊತ್ತು. ಪರಿಚಯ ಹೊಸದು, ಅವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಇರುತ್ತದೆ. ಕಡಲೆಕಾಯಿ ಅಲರ್ಜಿ, ನಾಯಿ, ಈಜುಕೊಳದ ವಿಷಯ ಮಾತಾಡುವಾಗ ಅದರ ಜೊತೆಗೇ ಇದನ್ನೂ ಕೇಳಿ, ಅಲ್ಲಿನ ಮಕ್ಕಳ ವೈದ್ಯರೂ ಹಾಗೆಯೇ ಸಲಹೆ ಕೊಡುತ್ತಾರೆ. ಉತ್ತರ ಸಮಾಧಾನ ತರದಿದ್ದರೆ ಮಕ್ಕಳು ಆಡಲು ನಿಮ್ಮ ಮನೆಗೇ ಬರಲಿ ಎಂದು ಹೇಳಿ.